ಕೆಂಪು ಚುಕ್ಕೆ ಇಟ್ಟ ತಿರುಪು

“ಜಗ್ಗು ಸ್ವಲ್ಪ,” ಎಂದೆ. ಮಗಳು ಜಗ್ಗಿದಳು.

ಒಗೆದು ಒಣಗಿದ ದೊಡ್ಡ ಚಾದರದ ಎರಡು ಮೂಲೆ ನನ್ನ ಕೈಯಲ್ಲಿದ್ದವು, ಎರಡು ಅವಳ ಕೈಯಲ್ಲಿ. ನಡುವೆ ಊಟದ ಮೇಜು. ಮೇಜಿನ ಮೇಲಿನ ಟೀ ಲೋಟಗಳಿಗೆ ತಾಗದಂತೆ ಬಟ್ಟೆಯನ್ನು ಎತ್ತಿ ಹಿಡಿದು, ಸುಕ್ಕು ಹೋಗುವಂತೆ ಒಮ್ಮೆ ಒದರಿ, ಅಂಚಿಗೆ ಅಂಚು ಸೇರಿಸಬೇಕು. ಅವಳ ಗಲ್ಲ ಆ ಮೇಜಿಗೆ ಎಟುಕುತ್ತಿದ್ದ ಕಾಲದಿಂದ ನಾವಿಬ್ಬರೂ ಹೀಗೆ ಮಡಿಸುತ್ತ ಬಂದವರು. ಕಣ್ಣು ಮುಚ್ಚಿಕೊಂಡು ಮಡಿಸಬಲ್ಲೆವು. ಆ ದಿನ ಅವಳು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ಬಟ್ಟೆಯನ್ನಲ್ಲ, ತನ್ನ ಬಲಗೈಯನ್ನು.

ಬಿಗಿಯಾಗಿ ಎಳೆದ ಬಟ್ಟೆಯಲ್ಲಿ ಏನನ್ನೂ ಮುಚ್ಚಿಡಲಾಗುವುದಿಲ್ಲ. ಅವಳ ಕೈಯ ಸಣ್ಣ ನಡುಕ ಅಂಚಿನುದ್ದಕ್ಕೂ ಹರಿದು ಬಂದು ನನ್ನ ಬೆರಳಿಗೆ ಮುಟ್ಟಿತು. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ಆದರೆ ನನಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು. ತನ್ನ ಎರಡು ಮೂಲೆಗಳನ್ನೂ ಬಿಟ್ಟುಬಿಟ್ಟಳು. ಚಾದರ ಟೀ ಲೋಟಗಳನ್ನು ತಬ್ಬಿಕೊಂಡು ನೆಲಕ್ಕೆ ಹೋಯಿತು.

“ಇನ್ನೊಂದ್ಸಲ ಒಗೀಬೇಕು,” ಎಂದೆ.

“ನೋಡ್ದೆ ಅಲ್ವಾ?”

“ನೋಡ್ದೆ. ಟೀ ಚೆಲ್ತು.”

“ತಮಾಷೆ ಬೇಡ ಅಮ್ಮ. ಅಪ್ಪಂದೂ ಹೀಗೇ ಅಲ್ವಾ ಶುರುವಾಗಿದ್ದು?”

ಅವಳು ಕುರ್ಚಿ ಎಳೆದುಕೊಂಡು ಕುಳಿತು, ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಟ್ಟುಕೊಂಡಳು, ಯಾರದೋ ಕೈಯಿಂದ ಕಸಿದು ತಂದ ವಸ್ತುವಿನ ಹಾಗೆ.

ನಮ್ಮವರು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಏಣಿಯ ಮೇಲೆ ನಿಂತು ಕುಂಚ ಎಳೆದರೆ ಅಳತೆಪಟ್ಟಿ ಇಟ್ಟು ಎಳೆದಂತಿರುತ್ತಿತ್ತು ಗೆರೆ. ಒಂದು ವರ್ಷ ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರದ ಕೊಂಬು ಅಲೆ ಅಲೆಯಾಗಿ ಬಂತು. ಅಂಗಡಿಯವರ ಕಣ್ಣಿಗೆ ಬೀಳಲಿಲ್ಲ. ಅಕ್ಷರಗಳನ್ನು ತಡವಾಗಿ ಕಲಿತವಳಾದ್ದರಿಂದ ನಾನು ಒಂದೊಂದನ್ನೂ ನಿಂತು ನೋಡುತ್ತಿದ್ದೆ. ನನ್ನ ಕಣ್ಣಿಗೆ ಬಿತ್ತು. ಆಮೇಲೆ ಲೋಟ ತುಳುಕಿತು, ಆಮೇಲೆ ಅಂಗಿಯ ಗುಂಡಿ ಹಾಕಲಾಗಲಿಲ್ಲ, ಆಮೇಲೆ ಚಮಚ. ಕೊನೆಯ ವರ್ಷಗಳಲ್ಲಿ ನಾನೇ ಉಣಿಸುತ್ತಿದ್ದೆ. ಅವರ ತಾಯಿಗೂ ಇದೇ ಇತ್ತಂತೆ. ಆ ಬೋರ್ಡು ಇನ್ನೂ ಇದೆ. ಆ ಬೀದಿಯಲ್ಲಿ ಹೋಗುವಾಗ ಮಗಳು ಎದುರು ಬದಿಯ ಗೋಡೆ ನೋಡಿಕೊಂಡು ನಡೆಯುತ್ತಾಳೆ.

ಮಗಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಚೌಕಟ್ಟಿಗೆ ಗಾಜು ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿಯುವುದು, ಇರುವೆಯ ತಲೆಯಷ್ಟಿರುವ ತಿರುಪುಗಳನ್ನು ಚಿಮಟದಲ್ಲಿ ಎತ್ತಿಡುವುದು. ರಜೆಯ ದಿನ ಬಂತೆಂದರೆ ರೈಫಲ್ ಕ್ಲಬ್ಬು. ಉದ್ದನೆಯ ಷೆಡ್ಡಿನಲ್ಲಿ ಚಾಪೆಯ ಮೇಲೆ ಮಕಾಡೆ ಮಲಗಿ, ದೂರದ ಹಾಳೆಯ ಮೇಲಿನ ಕಪ್ಪು ವೃತ್ತಕ್ಕೆ ಗುಂಡು ಹೊಡೆಯುವ ಆಟ. ಮನೆಯಲ್ಲಿ ಜಿರಳೆ ಕಂಡರೆ ಕುರ್ಚಿ ಹತ್ತುವ ಹುಡುಗಿ ಇದನ್ನು ಯಾಕೆ ಮೆಚ್ಚಿದಳೋ ಎಂದು ನಾನು ಮೊದಮೊದಲು ಯೋಚಿಸಿದ್ದುಂಟು. ಅಪ್ಪನ ಕಾಯಿಲೆ ಜೋರಾದ ಮೇಲೆಯೇ ಅವಳು ಕ್ಲಬ್ಬಿಗೆ ಸೇರಿದ್ದು ಎಂದು ನೆನಪಾದಾಗ ಯೋಚಿಸುವುದನ್ನು ಬಿಟ್ಟೆ. ಪ್ರತಿ ವಾರ ಅವಳಿಗೆ ತನ್ನ ಕೈ ಗಟ್ಟಿಯಾಗಿದೆ ಎಂದು ಒಂದು ಹಾಳೆಯ ಮೇಲೆ ತೂತು ಕೊರೆದು ನೋಡಿಕೊಳ್ಳಬೇಕಿತ್ತು. ಆ ಹಾಳೆಗಳನ್ನು ಮನೆಗೆ ತಂದು ನನ್ನ ಮುಂದೆ ಹಿಡಿಯುತ್ತಿದ್ದಳು. ತೂತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ತೂತಿನಂತೆ ಕಾಣುತ್ತಿದ್ದವು.

ಈಚೆಗೆ ಹಾಳೆ ತರುವುದನ್ನು ನಿಲ್ಲಿಸಿದ್ದಳು. ಗುಂಡುಗಳು ಚದುರತೊಡಗಿದ್ದವು: ಒಂದು ಮೇಲೆ, ಒಂದು ಬಲಕ್ಕೆ, ಎರಡು ಮಧ್ಯಕ್ಕೆ, ಮತ್ತೊಂದು ಎಲ್ಲೋ.

ಇಷ್ಟೇ ಆಗಿದ್ದರೆ ಆಟವನ್ನು ಬಿಟ್ಟು ಬೇರೆ ಏನಾದರೂ ಮಾಡು ಎನ್ನುತ್ತಿದ್ದೆ. ಆದರೆ ಕಪಾಟಿನಲ್ಲಿ, ಒಗೆದ ಟವೆಲ್ಲುಗಳ ಕೆಳಗೆ, ಒಂದು ಲಕೋಟೆ ಇತ್ತು. ಅಂಟಿಸಿ, ಸ್ಟಾಂಪು ಹಚ್ಚಿ, ವಿಳಾಸ ಬರೆದ ಲಕೋಟೆ. ಬೇರೆ ಊರಿನಲ್ಲಿ ಕನ್ನಡಕದ ಗಾಜು ಉಜ್ಜಿ ತಯಾರಿಸಿ ಅಂಗಡಿಗಳಿಗೆ ಕಳಿಸುವವರೊಬ್ಬರಿದ್ದಾರೆ. ನಮ್ಮ ಮನೆಯಲ್ಲಿ ಅವರಿಗೆ ‘ಗಾಜಿನವರು’ ಎಂದೇ ಹೆಸರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಗಾಜಿನ ಪೊಟ್ಟಣದಲ್ಲಿ ಒಂದು ಚೀಟಿ ಇಟ್ಟು ಕಳಿಸುತ್ತಿದ್ದರು: ‘ಎಡಗಣ್ಣಿನದು ನನಗಿಂತ ಹಟಮಾರಿ, ಜೋಪಾನ.’ ಒಮ್ಮೆ ಬಂದು ನಮ್ಮ ಮನೆಯಲ್ಲಿ ಊಟ ಮಾಡಿ, ತಟ್ಟೆ ತೊಳೆದಿಟ್ಟು ಹೋಗಿದ್ದರು. ಆಮೇಲೆ ಮದುವೆಯ ಮಾತೆತ್ತಿ ಬರೆದರು. ‘ಉತ್ತರ ಫೋನಿನಲ್ಲಿ ಬೇಡ. ಬರೆದು ಕಳಿಸಿ, ಇಟ್ಟುಕೊಳ್ಳೋದಕ್ಕೆ ಬೇಕು’ ಎಂದಿದ್ದರು. ಮಗಳು ಅದೇ ವಾರ ಒಪ್ಪಿಗೆ ಬರೆದಳು. ಅಂಚೆಗೆ ಹಾಕುವ ಮೊದಲು ಬಂದ ರಜೆಯ ದಿನವೇ ಗುಂಡು ಚದುರಿದ್ದು. ‘ಮುಂದಿನ ವಾರ ಹಾಕ್ತೀನಿ’ ಎಂದಳು. ಅದಾಗಿ ಮಳೆಗಾಲ ಹೋಗಿ ಬಿಸಿಲು ಬಂದಿತ್ತು. ಗಾಜಿನವರು ಅಂಗಡಿಗೆ ಫೋನು ಮಾಡುತ್ತಿದ್ದರಂತೆ, ಗಾಜಿನ ನಂಬರು ಕೇಳಿಕೊಳ್ಳುತ್ತಿದ್ದರಂತೆ, ಕೊನೆಗೆ “ಮತ್ತೇನಾದ್ರೂ ಇದೆಯಾ?” ಎನ್ನುತ್ತಿದ್ದರಂತೆ. ಇವಳು “ಇಲ್ಲ, ಇಷ್ಟೇ” ಎಂದು ಫೋನಿಡುತ್ತಿದ್ದಳಂತೆ.

“ಇವತ್ತು ಕಾಗದ ಹರಿದು ಹಾಕ್ತೀನಿ,” ಎಂದಳು ಈಗ. “ಬೇರೆ ಬರೀತೀನಿ. ಆಗಲ್ಲ ಅಂತ.”

“ಯಾಕೆ?”

“ಯಾಕೆ ಅಂದ್ರೆ? ನಿನ್ನ ಹಾಗೆ ಇನ್ನೊಬ್ರ ಕೈಗೆ ಚಮಚ ಕೊಟ್ಟು ಕೂರ್ಸೋಕೆ ನಂಗಿಷ್ಟ ಇಲ್ಲ.”

“ನಾನೇನು ಚಮಚ ಹಿಡ್ಕೊಂಡು ಅಳ್ತಾ ಕೂತಿದ್ನಾ?”

“ಅಳ್ತಿರ್ಲಿಲ್ಲ. ಬಯ್ತಿದ್ದೆ.”

“ಅವರು ಸುಮ್ನೆ ಇರ್ತಿದ್ರಾ? ಉಪ್ಪಿಲ್ಲ, ಖಾರ ಇಲ್ಲ, ನಿನ್ನ ಕೈಯಲ್ಲಿ ಚಮಚ ಬಸ್ಸಿನ ಹಾಗೆ ಲೇಟು ಅಂತ. ಇಬ್ರೂ ಸರಿಸಮ ಬಯ್ಕೊಂಡೇ ಬದುಕಿದ್ವಿ.”

ಅವಳು ನಗಲಿಲ್ಲ. ನಾನು ಚಾದರವನ್ನು ಬಕೆಟ್ಟಿಗೆ ಹಾಕಿ, ಒಡೆದ ಲೋಟದ ಚೂರು ಆರಿಸುತ್ತ ಕೇಳಿದೆ: “ರೈಫಲ್ಲಿಗೇ ಏನಾದ್ರೂ ಆಗಿದ್ರೆ?”

“ಆಗಿಲ್ಲ. ಚುಕ್ಕೆ ಹಾಗೇ ಇದೆ.”

ಚುಕ್ಕೆಯ ವಿಷಯ ನನಗೆ ಗೊತ್ತಿತ್ತು, ಕ್ಲಬ್ಬಿನವರ ಜಾಕೆಟ್ಟಿನ ಮೊಣಕೈಗೆ ಚರ್ಮದ ತೇಪೆ ಹಾಕಿಕೊಡುವವಳು ನಾನೇ ಆದ್ದರಿಂದ. ಕ್ಲಬ್ಬಿನ ರೈಫಲ್ಲುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಬಿಗಿದ ಪ್ರತಿ ತಿರುಪಿನ ಅಂಚಿಗೆ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಅರ್ಧ ಚುಕ್ಕೆ ತಿರುಪಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ತಿರುಪು ಒಂದಿಷ್ಟು ತಿರುಗಿದರೂ ಚುಕ್ಕೆ ಎರಡು ತುಂಡಾಗುತ್ತದೆ. ಹಿಂದೆ ಯಾರೋ ಸುಮ್ಮನೆ ಬಿಗಿಯಲು ಹೋಗಿ ತಿರುಪನ್ನು ಮುರಿದಿದ್ದರಂತೆ. ಅಂದಿನಿಂದ ಕ್ಲಬ್ಬಿನಲ್ಲಿ ಒಂದೇ ಕಟ್ಟಳೆ. ಚುಕ್ಕೆ ಇಡಿಯಾಗಿದ್ದರೆ ತಿರುಪಿಗೆ ಯಾರೂ ಕೈ ಹಾಕಕೂಡದು. ಮಗಳು ಪ್ರತಿ ಸಲ ಚುಕ್ಕೆಗಳನ್ನು ಭೂತಗನ್ನಡಿ ಹಿಡಿದು ನೋಡಿದ್ದಳು. ಎಲ್ಲವೂ ಇಡಿಯಾಗಿದ್ದವು. ರೈಫಲ್ಲು ಸರಿಯಿದ್ದರೆ, ಸರಿಯಿಲ್ಲದ್ದು ಉಳಿದದ್ದು ಒಂದೇ.

“ಇನ್ನೊಬ್ರ ಕೈಗೆ ಕೊಟ್ಟು ನೋಡು,” ಎಂದೆ. “ನಿನ್ನ ಗೆಳತಿ ಗೂಬೆಗೆ ಕೊಡು.”

“ಅವಳು ಕೇಳ್ತಾನೇ ಇದಾಳೆ.”

“ಮತ್ತೆ?”

“ಅವಳು ಹೊಡೆದು ಎಲ್ಲಾ ಮಧ್ಯಕ್ಕೇ ಬಿದ್ರೆ?”

ಅಲ್ಲಿತ್ತು ಗಂಟು. ಇಷ್ಟು ದಿನ ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಕೆದಕಿರಲಿಲ್ಲ. ಮಕ್ಕಳ ಬಾಯಿಂದ ಮಾತು ಹೊರಡಿಸುವುದಕ್ಕೆ ಕೆಲವೊಮ್ಮೆ ಒಂದು ಲೋಟ ಒಡೆಯಬೇಕಾಗುತ್ತದೆ.

“ಬಿದ್ರೆ ಡಾಕ್ಟರ ಹತ್ರ ಹೋಗೋಣ,” ಎಂದೆ. “ನಾನೂ ಬರ್ತೀನಿ. ಇವತ್ತಿಗಿಂತ ಕೆಟ್ಟದೇನೂ ಆಗಲ್ಲ. ಇವತ್ತು ನಿಂಗೆ ಕಾಯಿಲೇನೂ ಇದೆ, ಅನುಮಾನಾನೂ ಇದೆ. ಆಗ ಒಂದೇ ಇರತ್ತೆ.”

ಅವಳು ಮುಚ್ಚಿಟ್ಟುಕೊಂಡ ಕೈಯನ್ನು ಬಿಡಿಸಿದಳು. ಆಮೇಲೆ ಎದ್ದು ಜಾಕೆಟ್ಟು ತೆಗೆದುಕೊಂಡಳು. “ನೀನೂ ಬಾ,” ಎಂದಳು.

ಗೂಬೆ ಎಂಬುದು ಮಗಳ ಗೆಳತಿ. ಬೇಕರಿಯಲ್ಲಿ ರಾತ್ರಿಯೆಲ್ಲ ಬ್ರೆಡ್ಡು ಬೇಯಿಸಿ ಹಗಲು ತೂಕಡಿಸುವವಳು. ಅದಕ್ಕೇ ಆ ಹೆಸರು. ಯಾರೋ ಹಂಗಿಸಲೆಂದು ಇಟ್ಟದ್ದು, ಅವಳು ಬಿರುದಿನ ಹಾಗೆ ಉಟ್ಟುಕೊಂಡಿದ್ದಾಳೆ. ಫೋನೆತ್ತಿದರೆ “ಗೂಬೆ ಮಾತಾಡ್ತಿರೋದು” ಎನ್ನುತ್ತಾಳೆ. ಉದ್ದ ತೋಳು, ಅದಕ್ಕಿಂತ ಉದ್ದ ನಾಲಿಗೆ. ಆದರೆ ಯಾರ ರೈಫಲ್ಲು ಕೊಟ್ಟರೂ ಸರಾಗ ಹೊಡೆಯುತ್ತಾಳೆಂದು ಎಲ್ಲರೂ ಒಪ್ಪುತ್ತಾರೆ.

ನಾವು ಹೋದಾಗ ಷೆಡ್ಡಿನ ಬಾಗಿಲಲ್ಲಿ ಬನ್ನು ತಿನ್ನುತ್ತ ನಿಂತಿದ್ದಳು.

“ಅಯ್ಯೋ, ದೊಡ್ಡಮ್ಮ! ನೀವೂ ಗುರಿ ಇಡೋಕೆ ಬಂದ್ರಾ? ಮೊದಲು ನಿಮ್ಮ ಮಗಳಿಗೆ ಇಡಿ. ನಾಲ್ಕು ತಿಂಗಳಿಂದ ಮುಖ ಊದಿಸ್ಕೊಂಡು ಓಡಾಡ್ತಿದಾಳೆ, ನಮ್ಮ ಹಿಟ್ಟಾದ್ರೂ ಇಷ್ಟು ಊದಲ್ಲ.”

“ಇಗೋ, ತಗೋ,” ಎಂದು ಮಗಳು ಉಗ್ರಾಣದ ಕಪಾಟಿನಿಂದ ತಂದ ತನ್ನ ರೈಫಲ್ಲನ್ನು ಅವಳ ಕೈಗೆ ಚಾಚಿದಳು. “ಹೊಡಿ.”

ಗೂಬೆ ಬನ್ನು ಅಗಿಯುವುದನ್ನು ನಿಲ್ಲಿಸಿದಳು. ಒಮ್ಮೆ ಅವಳ ಮುಖ ನೋಡಿದಳು, ಒಮ್ಮೆ ನನ್ನ ಮುಖ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ರೈಫಲ್ಲು ತೆಗೆದುಕೊಂಡಳು.

ಕ್ಲಬ್ಬಿನ ಉಳಿದವರೆಲ್ಲ ಅಲ್ಯೂಮಿನಿಯಮ್ಮಿನ ಹೊಸ ರೈಫಲ್ಲುಗಳಿಗೆ ಹೋಗಿದ್ದರೂ ಮಗಳದು ಹಳೆಯ ಮರದ್ದು. ಕೆನ್ನೆ ತಾಗುವ ಜಾಗದಲ್ಲಿ ಮರ ನುಣುಪಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಗೂಬೆ ಚಾಪೆಯ ಮೇಲೆ ಮಲಗಿ, ತೋಳಿಗೆ ಪಟ್ಟಿ ಸುತ್ತಿಕೊಂಡು ಕೆನ್ನೆ ಇಟ್ಟಳು. ನನ್ನ ಕಿವಿಗೂ ಯಾರೋ ದಪ್ಪನೆಯ ಕಿವಿಮುಚ್ಚಳ ಹಾಕಿದರು. ಲೋಕವೆಲ್ಲ ಹತ್ತಿಯೊಳಗೆ ಹೋದಂತಾಯಿತು. ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು, ಹಾಳೆಯ ಕಡೆ ನೋಡದೆ. ನಾನು ಅವಳ ಕೈ ಹಿಡಿಯಲು ಹೋಗಿ ಬಿಟ್ಟೆ. ಈಗ ಹಿಡಿದರೆ ಪರೀಕ್ಷೆ ಮಾಡಿದಂತಾಗುತ್ತದೆ.

ಐದು ಸಲ ಟಪ್ ಎಂದಿತು. ಗೂಬೆ ಎದ್ದು, ಗೋಡೆಯ ಪಕ್ಕದ ಹಿಡಿಯನ್ನು ತಿರುಗಿಸಿದಳು. ತಂತಿಯ ಮೇಲೆ ಹಾಳೆ ತೂಗಾಡುತ್ತ ನಮ್ಮ ಕಡೆ ಬರತೊಡಗಿತು. ಅಷ್ಟು ನಿಧಾನವಾಗಿ ಯಾವ ನೆಂಟರೂ ನಮ್ಮ ಮನೆಗೆ ಬಂದದ್ದಿಲ್ಲ.

ಹಾಳೆ ಬಂತು. ಒಂದು ಮೇಲೆ. ಒಂದು ಬಲಕ್ಕೆ. ಎರಡು ಮಧ್ಯಕ್ಕೆ. ಮತ್ತೊಂದು ಕಪ್ಪು ವೃತ್ತದ ಅಂಚು ಹರಿದುಕೊಂಡು ಹೋಗಿತ್ತು.

“ಏನೇ ಇದು!” ಎಂದಳು ಗೂಬೆ. ಅವಳ ದನಿಯಲ್ಲಿ ಅಷ್ಟು ಅವಮಾನ ನಾನು ಹಿಂದೆಂದೂ ಕೇಳಿರಲಿಲ್ಲ. “ನಾನು ಕಣ್ಣು ಮುಚ್ಕೊಂಡು ಹೊಡೆದ್ರೂ ಹೀಗೆ ಬೀಳಲ್ಲ. ನಿಂಗೇ ಏನೋ ಲೂಸಾಗಿದೆ ಅಂದ್ಕೊಂಡಿದ್ದೆ ಕಣೇ ಇಷ್ಟು ದಿನ. ಈ ಮುದಿ ರೈಫಲ್ಲಿಂದೇ!”

ನನಗೆ ಅಷ್ಟು ಸಾಕಾಗಿತ್ತು. ಮಗಳಿಗೆ ಇನ್ನೂ ಇಲ್ಲ.

“ನಿನ್ನ ತೋಳು ಉದ್ದ,” ಎಂದಳು. “ನಿಂಗೆ ಇದು ಹೊಂದಲ್ಲ. ನಾನು ನಿಂದ್ರಲ್ಲಿ ಹೊಡೆದಾಗ್ಲೂ ಚದುರ್ಲಿಲ್ವಾ? ಹಾಗೇ ಇದೂ.”

“ಆವತ್ತು ನೀನು ನನ್ನ ರೈಫಲ್ಲನ್ನ ಹಾವು ಹಿಡಿದ ಹಾಗೆ ಹಿಡ್ಕೊಂಡಿದ್ದೆ. ಚದುರದೆ ಏನು?” ಎಂದ ಗೂಬೆ ಸುತ್ತ ನೋಡಿ, ಮೂಲೆಯಲ್ಲಿದ್ದ ಮರಳಿನ ಚೀಲಗಳನ್ನು ಹಿಟ್ಟಿನ ಮೂಟೆ ಎತ್ತುವ ಸಲೀಸಿನಲ್ಲಿ ಎತ್ತಿ ತಂದಳು. “ಸರಿ, ಕೈಯೇ ಬೇಡ. ನಂದೂ ಬೇಡ, ನಿಂದೂ ಬೇಡ. ಚೀಲದ ಮೇಲೆ ಮಲಗಿಸೋಣ. ಮರಳಿಗೆ ಕೈ ನಡುಗತ್ತಾ?”

ಕೈ ನಡುಗುವ ಮಾತನ್ನು ಮಗಳು ಅವಳಿಗೆ ಹೇಳಿರಲಿಲ್ಲ. ಇವಳು ತಾನಾಗಿಯೇ ತಿಳಿದುಕೊಂಡಿದ್ದಳು, ತಿಳಿದೂ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆ ನಾಲಿಗೆಗೆ ಅದು ಎಷ್ಟು ಕಷ್ಟವಾಗಿರಬೇಕು ಎಂದು ನಾನು ಅವಳ ಬೆನ್ನು ಸವರಿದೆ.

ಚೀಲದ ಮೇಲೆ ರೈಫಲ್ಲು ಮಗುವಿನಂತೆ ಮಲಗಿತು. ಗೂಬೆ ಒಂದು ಬೆರಳಿನಿಂದ ಟ್ರಿಗರ್ ಒತ್ತಿದಳು, ಅಷ್ಟೇ. ಮತ್ತೆ ಹಿಡಿ ತಿರುಗಿತು, ಮತ್ತೆ ಹಾಳೆ ಬಂತು. ಮತ್ತೆ ಚದುರಿತ್ತು.

ಈಗ ಮಗಳು ಹಾಳೆಯನ್ನು ತಂತಿಯಿಂದ ತಾನೇ ಬಿಚ್ಚಿಕೊಂಡಳು. ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು. “ಮೇಸ್ತ್ರೀ!” ಎಂದು ಕೂಗಿದಳು.

ಮೇಸ್ತ್ರಿ ಉಗ್ರಾಣದ ಬಾಗಿಲಲ್ಲಿ ಸ್ಟೂಲಿನ ಮೇಲೆ, ನೋಯುವ ಮಂಡಿಯನ್ನು ಚಾಚಿಕೊಂಡು ಕುಳಿತಿದ್ದರು. ಎದ್ದು ಬರುವುದಕ್ಕೆ ಅವರಿಗೆ ಸಾವಧಾನ ಬೇಕು. ಬಂದವರು ರೈಫಲ್ಲನ್ನು ತಲೆಕೆಳಗಾಗಿ ತಿರುಗಿಸಿ, ಹೊಟ್ಟೆಯ ಕೆಳಗಿದ್ದ ಎರಡು ತಿರುಪುಗಳನ್ನು ನೋಡಿದರು. ಮರದ ಮೈಗೆ ಕಬ್ಬಿಣದ ನಳಿಗೆಯನ್ನು ಕಚ್ಚಿ ಹಿಡಿಯುವುದು ಆ ಎರಡೇ.

“ಚುಕ್ಕೆ ಹಾಗೇ ಇದೆಯಲ್ಲಮ್ಮ,” ಎಂದರು. “ನಾನೇ ಇಟ್ಟಿದ್ದು. ಕೂದಲಷ್ಟೂ ತಿರುಗಿಲ್ಲ. ಗುರಿ ನೋಡೋ ಕಡೆ ನೋಡಿ, ಅಲ್ಲೇನಾದ್ರೂ ಇರ್ಬೇಕು.”

ಗುರಿ ನೋಡುವ ಕಡೆಯ ತಿರುಪುಗಳನ್ನೂ ನೋಡಿದರು. ಅಲ್ಲೂ ಚುಕ್ಕೆಗಳು ಇಡಿಯಾಗಿದ್ದವು. ತೋಳಿಗೆ ಸುತ್ತುವ ಪಟ್ಟಿಯ ಕೊಂಡಿ ಅಲ್ಲಾಡಿಸಿದರು, ಗಟ್ಟಿ. ಮೇಸ್ತ್ರಿ ತಲೆ ಕೆರೆದುಕೊಂಡರು. ಗೂಬೆ ನಳಿಗೆಯೊಳಗೆ ಇಣುಕಿ ನೋಡಿ ‘ಹೊಳೀತಿದೆ’ ಎಂದಳು.

ಮಗಳು ಮಾತ್ರ ಆ ಎರಡು ಚುಕ್ಕೆಗಳನ್ನೇ ನೋಡುತ್ತಿದ್ದಳು. ಕನ್ನಡಕ ರಿಪೇರಿ ಮಾಡುವಾಗ ಅವಳ ಹುಬ್ಬು ಒಂದು ರೀತಿ ಕೂಡುತ್ತದೆ. ಹಾಗೇ ಕೂಡಿತ್ತು.

“ಅಂಗಡಿಗೆ ಹಳೇ ಪ್ಲಾಸ್ಟಿಕ್ ಫ್ರೇಮು ಬರತ್ತೆ,” ಎಂದಳು, ಯಾರಿಗೆಂದಿಲ್ಲದೆ. “ಗಾಜು ಗಡಗಡ ಅನ್ನತ್ತೆ. ಸ್ಕ್ರೂ ನೋಡಿದ್ರೆ ಬಿಗಿ. ಸ್ಕ್ರೂ ಎಲ್ಲೂ ಹೋಗಿರಲ್ಲ. ಪ್ಲಾಸ್ಟಿಕ್ಕೇ ಒಣಗಿ ಒಳಗೆ ಸರಿದಿರತ್ತೆ.”

ಅವಳು ರೈಫಲ್ಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ನಳಿಗೆ ಮತ್ತು ಮರ ಸೇರುವ ಗೆರೆಯ ಮೇಲೆ ಬಲಗೈಯ ತೋರುಬೆರಳನ್ನು ಇಟ್ಟಳು, ಅರ್ಧ ಬೆರಳು ಕಬ್ಬಿಣಕ್ಕೆ, ಅರ್ಧ ಮರಕ್ಕೆ. “ನಳಿಗೆ ತುದೀನ ಮೆಲ್ಲಗೆ ಒತ್ತು,” ಎಂದಳು ಗೂಬೆಗೆ. ಗೂಬೆ ಒತ್ತಿದಳು. “ಬಿಡು.” ಬಿಟ್ಟಳು. “ಒತ್ತು.”

ನನಗಂತೂ ಏನೂ ಕಾಣಲಿಲ್ಲ. ಮೇಸ್ತ್ರಿ ಬಗ್ಗಿ ಕನ್ನಡಕ ಏರಿಸಿ ನೋಡಿದರು, ಅವರಿಗೂ ಕಾಣಲಿಲ್ಲ.

“ಅಲ್ಲಾಡ್ತಿದೆ,” ಎಂದಳು ಮಗಳು.

“ಎಲ್ಲಿ?” ಎಂದು ಮೇಸ್ತ್ರಿ ತಮ್ಮ ದಪ್ಪ ಹೆಬ್ಬೆರಳಿಟ್ಟರು. “ನಂಗೇನೂ ಗೊತ್ತಾಗ್ತಿಲ್ವಲ್ಲಮ್ಮ.”

“ಅಲ್ಲಾಡ್ತಿದೆ ಮೇಸ್ತ್ರಿ. ಉಸಿರಿನಷ್ಟು.”

ಆ ಬೆರಳನ್ನೇ ನಾನು ನೋಡುತ್ತಿದ್ದೆ. ಕಬ್ಬಿಣಕ್ಕೂ ಮರಕ್ಕೂ ನಡುವಿನ ಉಸಿರಿನಷ್ಟು ಅಲುಗಾಟವನ್ನು ಹಿಡಿಯಲು ಕೂತಿದ್ದ ಬೆರಳು, ತಾನು ಒಂದಿಷ್ಟೂ ಅಲುಗದೆ, ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. ಅವಳೇ ಸ್ವಲ್ಪ ಹೊತ್ತಿಗೆ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ನನ್ನನ್ನು.

ಮೇಸ್ತ್ರಿ ಉಗ್ರಾಣದಿಂದ ತಿರುಪುಳಿ ತಂದು ಮೊದಲ ತಿರುಪಿಗೆ ಇಟ್ಟು, ತಾವೇ ಇಟ್ಟ ಚುಕ್ಕೆಯನ್ನು ಒಡೆಯಲು ಮನಸ್ಸಿಲ್ಲದವರಂತೆ ಒಂದು ಗಳಿಗೆ ತಡೆದರು. ಆಮೇಲೆ ತಿರುಗಿಸಿದರು. ತಿರುಪು ತಡೆಯಿಲ್ಲದೆ, ಬೆಣ್ಣೆಯಲ್ಲಿ ಚಾಕು ಹೋದಂತೆ ತಿರುಗಿತು. ಅರ್ಧ ಸುತ್ತಿಗಿಂತ ಹೆಚ್ಚು ಹೋಗಿ ಕಚ್ಚಿತು. ಎರಡನೆಯದೂ ಹಾಗೇ.

“ಥೂ ನನ್ನ!” ಎಂದು ಅವರು ಹಣೆ ಚಚ್ಚಿಕೊಂಡರು. “ಛಾವಣಿ ಸೋರ್ತಿತ್ತಲ್ಲ, ರೈಫಲ್ ಕಪಾಟನ್ನ ಈ ಕಡೆ ಗೋಡೆಗೆ ಸರಿಸಿದ್ವಿ. ಗೋಡೆ ಆಚೆ ಬಿಸಿನೀರಿನ ಬಾಯ್ಲರು. ಉಳಿದದ್ದೆಲ್ಲ ಲೋಹ, ಅವಕ್ಕೇನಾಗ್ಬೇಕು? ಇದೊಂದೇ ಮರದ್ದು. ಒಣಗಿ ಸಣ್ಣಗಾಗಿದೆ. ತಿರುಪು ನಿಂತಲ್ಲೇ ನಿಂತಿದೆ, ಮರ ಅದರ ಕೈ ಬಿಟ್ಟು ಹೋಗಿದೆ! ನಾನು ಚುಕ್ಕೆ ಚುಕ್ಕೆ ಅಂತ ಎಲ್ಲರ ಕೈ ಕಟ್ಟಿಹಾಕ್ದೆ.”

ಪ್ರತಿ ಗುಂಡಿಗೂ ಕಬ್ಬಿಣ ಮರದೊಳಗೆ ಕೂದಲೆಳೆಯಷ್ಟು ಸರಿದು, ಪ್ರತಿ ಸಲವೂ ಬೇರೆ ಜಾಗದಲ್ಲಿ ಕೂರುತ್ತಿತ್ತಂತೆ. ಇಲ್ಲಿ ಕೂದಲೆಳೆ, ಅಲ್ಲಿ ಹಾಳೆಯ ಮೇಲೆ ಹೆಬ್ಬೆರಳಿನಗಲ. ಮೇಸ್ತ್ರಿ ಅದನ್ನು ನನಗೆ ವಿವರಿಸಿ ಹೇಳಿದರು. ಅವರ ಮಾತು ಅರ್ಧ ಕಿವಿಗೆ ಬಿತ್ತು. ನನ್ನ ಕಣ್ಣು ಮಗಳ ಮೇಲಿತ್ತು.

ಗೂಬೆಗೆ ಈಗ ನಾಲಿಗೆ ಬಂದಿತ್ತು. “ಊರಿನವರ ಮೂಗಿನ ಮೇಲಿನ ಸ್ಕ್ರೂ ಎಲ್ಲಾ ಬಿಗೀತೀಯ. ನಿನ್ನ ರೈಫಲ್ಲಿಂದು ಬಿಗಿಯೋಕೆ ನಾನು ಬರ್ಬೇಕಿತ್ತಾ? ಕೊಡು ಅಂದ್ರೆ ಕೊಡದೆ ಒಡವೆ ಥರ ಬಚ್ಚಿಟ್ಕೊಂಡಿದ್ದೆ. ನನ್ನ ನಾಲ್ಕು ತಿಂಗಳ ನಿದ್ದೆ ವಾಪಸ್ ಕೊಡು.”

“ನೀನು ನಿದ್ದೆ ಮಾಡ್ತೀಯಾ?” ಎಂದಳು ಮಗಳು. ಬಹಳ ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಕೊಂಕು.

“ಸಾಕು, ಮಲಗು ಚಾಪೆ ಮೇಲೆ,” ಎಂದಳು ಗೂಬೆ.

ಮಗಳು ಮಲಗಿದಳು. ಜೇನಿನ ಬಣ್ಣದ ಮರಕ್ಕೆ ಕೆನ್ನೆ ಇಟ್ಟಳು. ನಾನು ಕಿವಿಮುಚ್ಚಳ ಹಾಕಿಕೊಂಡೆ. ಐದು ಗುಂಡು ಟಪ್ ಟಪ್ ಎಂದು ಒಂದೊಂದಾಗಿ ಹೋದವು. ಹಾಳೆ ಈ ಸಲವೂ ನೆಂಟರ ಗತ್ತಿನಲ್ಲೇ ಬಂತು, ಆದರೆ ಕಾಯುವುದು ಕಷ್ಟವಾಗಲಿಲ್ಲ. ನಾಲ್ಕು ತೂತುಗಳು ಒಂದರ ಮೇಲೊಂದು ಕೂತು ಒಂದೇ ತೂತಾಗಿದ್ದವು, ಕಪ್ಪಿನ ನಟ್ಟನಡುವೆ. ಐದನೆಯದು ಸ್ವಲ್ಪ ಎಡಕ್ಕೆ ಹೊರಟುಹೋಗಿತ್ತು.

ಗೂಬೆ ಹಾಳೆಯನ್ನು ಬೆಳಕಿಗೆ ಹಿಡಿದು ಎಡಕ್ಕಿದ್ದ ತೂತನ್ನು ತೋರಿಸಿದಳು. “ಇದು ಸ್ಕ್ರೂದಲ್ಲ ಕಣೇ. ಇದು ನಿಂದೇ. ಅಳ್ತಾ ಗುಂಡು ಹೊಡೆದ್ರೆ ಹೀಗೇ ಆಗೋದು.”

ಮಗಳು ಅಳುತ್ತಿದ್ದಳು, ನಿಜ. ಜಾಕೆಟ್ಟಿನ ತೋಳಿಗೆ ಮೂಗು ಒರೆಸಿಕೊಂಡಳು, ನಾನು ತೇಪೆ ಹಾಕಿದ ತೋಳಿಗೇ. ನಾನು ಬೈಯಲಿಲ್ಲ. ಮೇಸ್ತ್ರಿ ಉಗುರುಬಣ್ಣದ ಶೀಷೆ ತಂದು ಚುಕ್ಕೆ ಇಡಲು ಹೊರಟು, ಮತ್ತೆ ನಿಂತರು. “ಅಕ್ಕ, ನೀವೇ ಹೇಳಿ. ಇಡ್ಲಾ, ಬೇಡ್ವಾ?” ಎಂದು ನನ್ನನ್ನು ಕೇಳಿದರು.

“ಇಡಿ,” ಎಂದೆ. “ಚುಕ್ಕೆ ಇಟ್ಟ ಮೇಲೂ ಒಂದ್ಸಲ ಅಲ್ಲಾಡ್ಸಿ ನೋಡಿ, ಅಷ್ಟೇ.”

ಮನೆಗೆ ಹೋಗುವಾಗ ಮಗಳು ಔಷಧಿ ಅಂಗಡಿಯ ಬೀದಿ ಹಿಡಿದಳು. ಬೋರ್ಡಿನ ಕೆಳಗೆ ನಿಂತು ತಲೆ ಎತ್ತಿದಳು. ಬಣ್ಣ ಮಾಸಿತ್ತು. ಆ ಒಂದು ಕೊಂಬು ಅಲೆ ಅಲೆಯಾಗಿ ಹಾಗೇ ಇತ್ತು.

“ಚೆನ್ನಾಗೇ ಇದೆ,” ಎಂದಳು. “ದೂರದಿಂದ ನೋಡಿದ್ರೆ ಗೊತ್ತೂ ಆಗಲ್ಲ.”

“ಗೊತ್ತಾಗತ್ತೆ. ಆದ್ರೂ ಚೆನ್ನಾಗಿದೆ.”

“ಅಮ್ಮ, ಇವತ್ತು ಇಲ್ಲ ಅಂದ್ರೆ ಮುಂದೆ ಬರಲ್ಲ ಅಂತ ಅಲ್ಲ, ಅಲ್ವಾ?”

“ಅಲ್ಲ.” ಅವಳಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ, ನನ್ನ ಜೊತೆ ಅವಳೂ ಆ ಚಮಚಗಳನ್ನು ತೊಳೆದವಳು. “ಬರ್ಬಹುದು. ಬರದೇನೂ ಇರ್ಬಹುದು. ಬೆಳಗ್ಗೆ ಚಾದರ ಹಿಡ್ಕೊಂಡಾಗ ನಡುಗಿದ್ದು ಕೈ ಅಲ್ಲ, ಅದನ್ನ ನೀನು ನೋಡ್ತಿದ್ದ ರೀತಿ. ಹಾಗೆ ದಿಟ್ಟಿಸಿದ್ರೆ ಯಾರ ಕೈ ಆದ್ರೂ ನಡುಗತ್ತೆ. ಡಾಕ್ಟರಿಗೆ ತೋರಿಸೋದು ಬೇಡ ಅಂತ ನಾನು ಹೇಳ್ತಿಲ್ಲ. ತೋರಿಸೋಣ. ಆದ್ರೆ ಇನ್ನು ಕಾಗದದ ಮೇಲೆ ಟವೆಲ್ಲು ಪೇರಿಸ್ತಾ ಕೂರೋದು ನನ್ನಿಂದಾಗಲ್ಲ.”

ಅವಳು ನಕ್ಕಳು. ಅಂಗಡಿಯ ಬಾಗಿಲಲ್ಲಿ ನಿಂತಿದ್ದವರೊಬ್ಬರು ಬೋರ್ಡಿನಲ್ಲಿ ಏನು ತಮಾಷೆಯಿದೆಯೋ ಎಂದು ತಾವೂ ತಲೆ ಎತ್ತಿ ನೋಡಿದರು.

ಮನೆಗೆ ಬಂದವಳೇ ಕಪಾಟು ತೆರೆದು ಲಕೋಟೆ ತೆಗೆದಳು. ನೇರ ಅಂಚೆಪೆಟ್ಟಿಗೆಗೆ ಹೋಗುತ್ತಾಳೆಂದುಕೊಂಡಿದ್ದೆ. ಅವಳು ಅದರ ಅಂಚನ್ನು ಚರ್ರನೆ ಹರಿದಾಗ ತಡೆಯಲು ಕೈ ಚಾಚಿದೆ.

“ಹೆದರ್ಬೇಡ,” ಎಂದಳು. “ಒಂದು ವಿಷಯ ಇದ್ರಲ್ಲಿ ಬರ್ದಿಲ್ಲ. ಅದನ್ನ ಹೇಳ್ದೆ ಹೂಂ ಅನ್ನೋದು ಸರಿಯಲ್ಲ.”

ಮೇಜಿನ ಮೇಲೆ ಇನ್ನೂ ಟೀ ಕಲೆಯಿತ್ತು. ಅದರ ಪಕ್ಕಕ್ಕೆ ಕಾಗದ ಹರಡಿ, ಕೊನೆಯ ಸಾಲಿನ ಕೆಳಗೆ ಬರೆದಳು. ಬರೆದು ನನಗೇ ಓದಲು ಕೊಟ್ಟಳು. ‘ನನ್ನ ತಂದೆಗೆ ಕೈ ನಡುಗುವ ಕಾಯಿಲೆ ಇತ್ತು, ಅಜ್ಜಿಗೂ ಇತ್ತು. ನನಗೆ ಈಗ ಇಲ್ಲ. ಮುಂದೆ ಬರಬಹುದು. ಬಂದರೆ ಚಮಚ ಹಿಡಿಯಬೇಕಾಗುತ್ತದೆ, ಬೈಗುಳ ಎರಡೂ ಕಡೆಯಿಂದ ಇರುತ್ತದೆ. ಇದನ್ನು ಓದಿದ ಮೇಲೂ ನಿಮ್ಮ ಮಾತು ಅದೇ ಆಗಿದ್ದರೆ, ನನ್ನ ಮಾತು ಮೇಲೆ ಬರೆದಿರುವುದೇ.’ ಅಕ್ಷರಗಳು ನೆಟ್ಟಗೆ, ಅವಳಪ್ಪನ ಒಳ್ಳೆಯ ದಿನಗಳ ಬೋರ್ಡಿನ ಹಾಗೆ ನಿಂತಿದ್ದವು.

ಹೊಸ ಲಕೋಟೆ ಹುಡುಕುವುದಕ್ಕೆ ಮನೆಯ ಅರ್ಧ ಸಾಮಾನು ಹೊರಗೆ ಬಂತು. ಹಳೆಯ ಸ್ಟಾಂಪನ್ನು ನಾನು ಕೆಟಲಿನ ಹಬೆಗೆ ಹಿಡಿದು ಬಿಡಿಸಿಕೊಟ್ಟೆ. ಬಳಸದ ಸ್ಟಾಂಪು, ದಂಡ ಯಾಕೆ? ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಬೀದಿಯ ತಿರುವಿನಲ್ಲಿದ್ದ ಅಂಚೆಪೆಟ್ಟಿಗೆಗೆ ಹೋದೆವು. ಅವಳು ಲಕೋಟೆಯನ್ನು ಬಾಯಿಯೊಳಗೆ ತೂರಿಸಿ, ತುದಿಯನ್ನು ಹಿಡಿದೇ ನಿಂತಳು.

“ಬಿಡು ಸ್ವಲ್ಪ,” ಎಂದೆ.

ಬಿಟ್ಟಳು. ಒಳಗೆ ಸಣ್ಣಗೆ ಸದ್ದಾಯಿತು. ಆದರೂ ನಾನು ಮುಚ್ಚಳ ಎತ್ತಿ, ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯೇ ಎಂದು ಕೈ ಹಾಕಿ ನೋಡಿದೆ. ಇರಲಿಲ್ಲ. ಬಿದ್ದಿತ್ತು.